ಸುರಂಗಕ್ಕೂ ಬೋರ್‌ವೆಲ್ಲಿಗೂ ವಾದ: ಎಂಟನೇ ತರಗತಿಯ ಒಂದು ತಾಳಮದ್ದಳೆ

"ಅಂತರ್ಜಲ ಎಂದರೇನು?" ಎಂಬ ಪ್ರಶ್ನೆಗೆ ಆ ತರಗತಿಯ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಪೂರ್ತಿ ಅಂಕ ತೆಗೆದಿದ್ದರು. ಉತ್ತರ ಪತ್ರಿಕೆ ಹಂಚಿದ ಮೇಲೆ ಟೀಚರ್ ಬಾಯಿಮಾತಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು, ನೀರಿಗಾಗಿ ಗುಡ್ಡದ ಬದಿಗೆ ತೋಡುವ ಸುರಂಗದ ಬಗ್ಗೆ. "ಮಳೆ ನಿಂತು ತಿಂಗಳುಗಟ್ಟಲೆ ಆದ ಮೇಲೆ, ಏಪ್ರಿಲ್‌ನಲ್ಲೂ ನಿಮ್ಮ ಮನೆಯ ಸುರಂಗದಲ್ಲಿ ನೀರು ಬರುತ್ತದಲ್ಲ, ಅದು ಎಲ್ಲಿಂದ ಬರುವುದು?" ಒಬ್ಬ ಘಟ್ಟದಿಂದ ಅಂದ. ಇನ್ನೊಬ್ಬಳು ಕಲ್ಲಿನೊಳಗೆ ಒರತೆ ಉಂಟು ಅಂದಳು. ಒರತೆಗೆ ನೀರು ಎಲ್ಲಿಂದ ಎಂದರೆ, "ಅದು ಒರತೆ ಅಲ್ವಾ ಟೀಚರ್, ಅದರಲ್ಲಿ ನೀರು ಇರ್ತದೆ." ಪುಸ್ತಕದ ಅಂತರ್ಜಲಕ್ಕೂ ಮನೆಯ ಹಿಂದಿನ ಸುರಂಗಕ್ಕೂ ಸಂಬಂಧ ಇದೆಯೆಂದು ಯಾರಿಗೂ ಹೊಳೆಯಲಿಲ್ಲ.

ಈ ಪ್ರಕರಣ ನಡೆದದ್ದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಉಪಜಿಲ್ಲೆಯ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ. ಶಾಲೆಯ ಹೆಸರು ಇಲ್ಲಿ ಬೇಡ, ಟೀಚರ್ ಹೆಸರೂ ಬೇಡ. ಎಂಟನೇ ತರಗತಿ, ಸಮಾಜ ವಿಜ್ಞಾನ, ಮೂವತ್ತರ ಆಸುಪಾಸು ಮಕ್ಕಳು. ಮನೆಯಲ್ಲಿ ತುಳು ಆಡುವವರು ಹೆಚ್ಚು. ಉಳಿದಂತೆ ಹವ್ಯಕ ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಕರಾಡ ಮರಾಠಿ. ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಯಲ್ಲಿ ಹೇಳಿಕೊಳ್ಳುವುದು ಸುಲಭ, ಆ ಏಳನ್ನೂ ಎದುರಿಗೆ ಕೂರಿಸಿಕೊಂಡು ಪಾಠ ಮಾಡುವ ಕಷ್ಟ ಟೀಚರುಗಳಿಗೇ ಗೊತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದವನು ಅಷ್ಟೆ.

ಸುರಂಗ ನೋಡದ ಓದುಗರಿಗಾಗಿ ಒಂದೆರಡು ಮಾತು. ಕಾಸರಗೋಡಿನ ಬಾಯಾರು, ಪೈವಳಿಕೆ, ಎಣ್ಮಕಜೆ, ಗಡಿಯಾಚೆ ಬಂಟ್ವಾಳ ತಾಲೂಕಿನ ಮಾಣಿಲ, ಈ ಭಾಗದಲ್ಲೆಲ್ಲ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡದ ಬದಿಗೆ ಅಡ್ಡಡ್ಡಲಾಗಿ ತೋಡಿದ ನೀರಿನ ದಾರಿಗಳಿವೆ. ಒಬ್ಬ ಮನುಷ್ಯ ನಿಂತು ಪಿಕಾಸಿ ಬೀಸುವಷ್ಟು ಅಗಲ, ಎತ್ತರ. ಉದ್ದ ಕೆಲವೇ ಮೀಟರ್ ಇರಬಹುದು, ಇನ್ನೂರು ಮುನ್ನೂರು ಮೀಟರ್ ಒಳಗೆ ಹೋದದ್ದೂ ಉಂಟು. ಒಳಗೆ ಹೋಗುವಾಗ ದೀಪ ಇಟ್ಟುಕೊಳ್ಳುತ್ತಾರೆ. ದೀಪ ಮಂಕಾದರೆ ಗಾಳಿ ಸಾಲದು, ಹೊರಗೆ ಬರಬೇಕು. ಸುರಂಗದ ನೆಲ ಒಳಗಿನಿಂದ ಬಾಯಿಯ ಕಡೆಗೆ ತುಸುವೇ ಇಳಿಜಾರು. ನೀರು ತಾನಾಗಿ ಹರಿದು ಬಂದು ಹೊರಗಿನ ಕೆರೆಗೋ ಟ್ಯಾಂಕಿಗೋ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಮುರಕಲ್ಲು ತೂತುತೂತಾದ ಕಲ್ಲು, ಮಳೆ ನೀರನ್ನು ಕುಡಿಯುತ್ತದೆ. ಅದರ ಕೆಳಗೆ ಶೇಡಿಮಣ್ಣಿನ (ಜೇಡಿಮಣ್ಣಿನ) ಪದರ ಸಿಕ್ಕಿದರೆ ನೀರು ಸುಲಭಕ್ಕೆ ಕೆಳಗಿಳಿಯದು. ಮೇಲೆ ನಿಂತು ಬದಿಗೆ ದಾರಿ ಹುಡುಕುತ್ತದೆ. ಸುರಂಗ ಆ ನೀರಿಗೆ ಮಾಡಿಕೊಟ್ಟ ದಾರಿ.

ಟೀಚರ್ ಮೊದಲು ಹಿಡಿದದ್ದು ಹಾಡು. ಆವಿ, ಮೋಡ, ಮಳೆ, ಇಂಗುವುದು ಎಲ್ಲವನ್ನೂ ಕುಣಿತ ಭಜನೆಯ ಧಾಟಿಗೆ ಕೂರಿಸಿ ಮಕ್ಕಳನ್ನು ಅಂಗಳದಲ್ಲಿ ಸುತ್ತು ನಿಲ್ಲಿಸಿ ಹೇಳಿಸಿದರು. ನೋಡಲು ಚಂದ. ಪಕ್ಕದ ತರಗತಿಯವರು ಕಿಟಕಿಯಲ್ಲಿ ನಿಂತರು, ಹೆಡ್‌ಮಾಸ್ಟ್ರು ಮೊಬೈಲಿನಲ್ಲಿ ವಿಡಿಯೋ ತೆಗೆದರು. ವಾರ ಕಳೆದು ಅದೇ ಸುರಂಗದ ಪ್ರಶ್ನೆ ಕೇಳಿದಾಗ ಮಕ್ಕಳು ಹಾಡಿನ ಸಾಲನ್ನೇ ತಪ್ಪಿಲ್ಲದೆ ಹೇಳಿದರು. ಸುರಂಗ ಮಾತ್ರ ಇದ್ದಲ್ಲೇ ಇತ್ತು. ನಮ್ಮಲ್ಲಿ ಕಲೆಯ ಮೂಲಕ ಕಲಿಕೆ ಎಂದು ನಡೆಯುವುದರಲ್ಲಿ ಬಹುಪಾಲು ಈ ಜಾತಿಯದೇ ಎಂದು ನನಗೆ ಕಾಣುತ್ತದೆ. ರಾಗ ಹಾಕಿದರೆ ನೆನಪಿಡಲು ಸುಲಭವಾಗುತ್ತದೆ ನಿಜ. ಆದರೆ ಹಾಡುವುದಕ್ಕೆ ಅರ್ಥವಾಗಲೇಬೇಕು ಎಂದಿಲ್ಲ. 'ಇಂಗುವುದು' ಎಂಬಲ್ಲಿ 'ಹಿಂಗುವುದು' ಎಂದು ಹಾಡಿದ್ದರೂ ತಾಳ ತಪ್ಪುತ್ತಿರಲಿಲ್ಲ.

ಅದೇ ಶಾಲೆಯ ಲೆಕ್ಕದ ಮಾಸ್ಟ್ರು ಬೇರೆ ಬಗೆಯಲ್ಲಿ ಮಾಡುತ್ತಿದ್ದರು, ಸದ್ದಿಲ್ಲದೆ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಪಾಠಕ್ಕೆ ತರಗತಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ರೂಪಕ ತಾಳ, ಇನ್ನೊಂದಕ್ಕೆ ಝಂಪೆ ಕೊಟ್ಟು ಬೆಂಚು ಬಡಿಸುವುದು. ತಾಳದ ಎಣಿಕೆಯಲ್ಲಿ ಆರಕ್ಷರ ಒಂದು ಕಡೆ, ಹತ್ತಕ್ಷರ ಇನ್ನೊಂದು ಕಡೆ. ಒಟ್ಟಿಗೆ ಶುರು ಮಾಡಿದರೆ ಮತ್ತೆ ಇಬ್ಬರ ಮೊದಲ ಪೆಟ್ಟು ಒಟ್ಟಿಗೆ ಬೀಳುವುದು ಮೂವತ್ತು ಅಕ್ಷರ ಕಳೆದ ಮೇಲೆ. ಇವರು ಐದು ಸುತ್ತು, ಅವರು ಮೂರು ಸುತ್ತು. ಅಲ್ಲಿ ತಾಳದೊಳಗೇ ಲೆಕ್ಕ ಇದೆ. ತಾಳ ಸರಿಯಾಗಬೇಕಾದರೆ ಲೆಕ್ಕ ಸರಿಯಾಗಲೇಬೇಕು. ಟೀಚರಿಗೆ ತನ್ನ ಪಾಠಕ್ಕೂ ಅಂಥದ್ದೊಂದು ಬೇಕು ಅನ್ನಿಸಿದ್ದು ಅದನ್ನು ನೋಡಿದ ಮೇಲೆ.

ತಾಳಮದ್ದಳೆ ಯಾಕೆ

ಈ ಊರಿನಲ್ಲಿ ವಾದ ಮಾಡಲು ಸಿದ್ಧವಾದ ಒಂದು ಕಲೆಯೇ ಇದೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆಗಾಲದಲ್ಲಿ ಮನೆ ಚಾವಡಿಗಳಲ್ಲಿ, ದೇವಸ್ಥಾನದ ಸಭಾಂಗಣಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ಕೇರಳದ ಶಾಲೆಗಳು ಬಾಗಿಲು ತೆರೆಯುವುದೂ ಜೂನ್ ಮೊದಲಿಗೇ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪಾತ್ರವಾಗಿ ಮಾತಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ. ಎದುರಿನವನು ಏನು ಹೇಳುತ್ತಾನೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಕುಂಬಳೆಯ ಪಾರ್ತಿಸುಬ್ಬನ ವಾಲಿ ವಧೆಯನ್ನೇ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಬಿದ್ದ ವಾಲಿ ಕೇಳುತ್ತಾನೆ, ರಾಮ ಜವಾಬು ಕೊಡಬೇಕು. ಕಥೆ ಎಲ್ಲರಿಗೂ ಗೊತ್ತು. ಆದರೂ ಜನ ಅರ್ಧರಾತ್ರಿಯವರೆಗೆ ಕೂರುವುದು ಆ ಜವಾಬು ಇವತ್ತು ಹೇಗೆ ಬರುತ್ತದೆ ಎಂದು ಕೇಳಲಿಕ್ಕೆ. ಕುಂಬಳೆ ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಅರ್ಥ ಹೇಳಿದ ಕಾಲದಲ್ಲಿ ಎದುರಿನ ಅರ್ಥಧಾರಿ ಓದಿಕೊಂಡು ಬರದೆ ಬೇರೆ ದಾರಿ ಇರಲಿಲ್ಲ ಎಂದು ಹಿರಿಯರು ಈಗಲೂ ಹೇಳುತ್ತಾರೆ.

ಟೀಚರ್ ಪುರಾಣದ ಪ್ರಸಂಗ ಬೇಡವೆಂದು ಮೊದಲೇ ನಿಶ್ಚಯಿಸಿದರು. ಪಾತ್ರಗಳು ಐದು: ಮಳೆ, ಮುರಕಲ್ಲಿನ ಗುಡ್ಡ, ಶೇಡಿ, ಸುರಂಗ, ಬೋರ್‌ವೆಲ್. ಮುಖ್ಯ ವಾದ ಕೊನೆಯ ಇಬ್ಬರದು. ಬೇಸಗೆಯಲ್ಲಿ ಅಡಿಕೆ ತೋಟ ಉಳಿಸುವವರು ಯಾರು, ಗುಡ್ಡದ ನೀರು ಕಡಿಮೆಯಾಗಲು ಕಾರಣ ಯಾರು. ಗಣಪತಿ ಸ್ತುತಿ ಇಲ್ಲದೆ ಪ್ರಸಂಗ ಶುರು ಮಾಡಲಿಕ್ಕೆ ಆಗುವುದಿಲ್ಲ ಎಂದು ಒಬ್ಬ ಹುಡುಗ ಪಟ್ಟು ಹಿಡಿದ. ಎಲ್ಲ ಮನೆಯ ಮಕ್ಕಳೂ ಕೂತಿದ್ದಾರೆ, ಇವತ್ತು ಮಳೆಗೇ ಸ್ತುತಿ ಎಂದರು ಟೀಚರ್. ಅವನಿಗೆ ಪೂರ್ತಿ ಸಮಾಧಾನ ಆದಂತೆ ಕಾಣಲಿಲ್ಲ. ಪದ್ಯ ಕಟ್ಟುವ ಕೆಲಸ ಕನ್ನಡ ಪಂಡಿತರ ನೆರವಿನಿಂದ ಮಕ್ಕಳೇ ಮಾಡಿದರು. ಭಾಮಿನಿ ಷಟ್ಪದಿಯ ಅರ್ಧ ಪದ್ಯ ಒಂದು ಹೀಗಿತ್ತು:

ಮಳೆಯ ನೀರನು ಕುಡಿದ ಗುಡ್ಡವು
ಒಳಗೆ ಶೇಡಿಯ ತಡೆಯ ಕಂಡೊಡೆ
ಇಳಿಯಲಾರದೆ ಬದಿಗೆ ಹರಿವುದು ಕೊರೆದ ಸುರಂಗದೊಳ್

ಕೊನೆಯ ಗಣದ ಬಗ್ಗೆ ತಕರಾರು ತೆಗೆಯುವವರು ತೆಗೆಯಲಿ. ಮೂರು ಸಾಲಿನಲ್ಲಿ ಪಾಠದ ಅರ್ಧ ಇದೆ. ಮಾತ್ರೆ ಎಣಿಸುತ್ತ 'ತಡೆ' ಎಂಬುದನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ಅವರು ಜಗಳ ಮಾಡಿದ್ದರಲ್ಲೇ ಶೇಡಿಯ ಕೆಲಸ ಏನೆಂದು ಕೆಲವರಿಗೆ ಹೊಳೆದಿತ್ತು.

ಮೊದಲ ದಿನದ ಚಪ್ಪಾಳೆ

ಬೋರ್‌ವೆಲ್ಲಿನ ಪಾತ್ರ ಹೋದದ್ದು ಊರಿನ ಸಂಘದಲ್ಲಿ ನಾಟ್ಯ, ಅರ್ಥ ಕಲಿಯುತ್ತಿದ್ದ ಹುಡುಗನಿಗೆ. ಗಣಪತಿ ಸ್ತುತಿಗೆ ಪಟ್ಟು ಹಿಡಿದವನೂ ಅವನೇ. ಸುರಂಗ ಆದವಳು, ಮನೆಯಲ್ಲಿ ನಿಜವಾಗಿಯೂ ಸುರಂಗದ ನೀರು ಕುಡಿಯುವ, ಹೆಚ್ಚು ಮಾತಾಡದ ಹುಡುಗಿ. ಶಾಲೆಯಲ್ಲಿ ಚೆಂಡೆ ಇರಲಿಲ್ಲ, ಮದ್ದಳೆಯ ಜಾಗಕ್ಕೆ ಡೆಸ್ಕು.

ಅವನು ಶುರು ಮಾಡಿದ: "ಎಲೈ ಸುರಂಗವೇ! ಗುಡ್ಡದ ಬದಿಯಲ್ಲಿ ಬಾಯಿ ತೆರೆದು ಕೂತ ನಿನ್ನನ್ನು ನಂಬಿದರೆ ತೋಟದ ಅಡಿಕೆ ಮರಗಳು ಸೌದೆಯಾದಾವು. ನಾನಾದರೋ ಪಾತಾಳದ ಗಂಗೆಗೇ ಕೈ ನೀಡಿದವನು. ಭಗೀರಥ ಇಳಿಸಿದ ಗಂಗೆ ಎಂದಾದರೂ ಬತ್ತಿದ್ದುಂಟೇ? ಬತ್ತದ ನೀರಿನ ಒಡೆಯನ ಎದುರು ತೊಟ್ಟಿಕ್ಕುವ ನಿನ್ನ ಬಡಾಯಿಯೇ?" ಏರಿಳಿತ, ನಿಲುಗಡೆ, ಕಣ್ಣಿನ ನೋಟ ಎಲ್ಲ ಸರಿಯಾಗಿತ್ತು. ತರಗತಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ತಟ್ಟದೆ ಇರಲಾಗದಂತೆ ಮಾತಾಡಿದ್ದ.

ಹುಡುಗಿ ಹೇಳಿದ್ದು ಇಷ್ಟು: "ಮಳೆಗಾಲದಲ್ಲಿ ನೀರು ಕಲ್ಲಿನ ತೂತಿನಲ್ಲಿ ಇಳಿಯುತ್ತದೆ. ಶೇಡಿ ಬಂದಲ್ಲಿ ನಿಲ್ಲುತ್ತದೆ. ನಿಂತ ನೀರು ನಿಧಾನಕ್ಕೆ ನನ್ನಲ್ಲಿ ಬರುತ್ತದೆ. ಅದಕ್ಕೆ ಬೇಸಗೆಯಲ್ಲೂ ಇರುತ್ತದೆ." ಒಂದು ಮಾತೂ ತಪ್ಪಿಲ್ಲ. ಮೊದಲು ಕೇಳಿದ ಪ್ರಶ್ನೆಗೆ ತರಗತಿಯಲ್ಲಿ ಬಂದ ಮೊದಲ ಸರಿಯುತ್ತರ ಅದು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಿರಿಯಡ್ ಮುಗಿದು ಹೊರಗೆ ಹೋಗುವಾಗ ಮಕ್ಕಳು ಬೋರ್‌ವೆಲ್ ಗೆದ್ದಿತು, ಅದರ ನೀರು ಬತ್ತುವುದಿಲ್ಲ ಎಂದು ಮಾತಾಡಿಕೊಂಡು ಹೋದರು. ಸುಳ್ಳು ಪಾಠ ಅಚ್ಚುಕಟ್ಟಾಗಿ ಕಲಿತಾಗಿತ್ತು.

ಇಂಥ ಪ್ರಯೋಗಗಳ ವರದಿಗಳಲ್ಲಿ 'ಮಕ್ಕಳು ಉತ್ಸಾಹದಿಂದ ಪಾಲ್ಗೊಂಡರು' ಎಂಬ ಸಾಲು ಬರುವುದು ಇಂಥ ಜಾಗದಲ್ಲೇ. ಉತ್ಸಾಹ ಇತ್ತು, ಸಂಶಯವೇ ಇಲ್ಲ.

ಸಾಕ್ಷಿ

ಟೀಚರ್ ಎರಡು ಕಟ್ಟಳೆ ಹಾಕಿದರು. ಒಂದು, ಎದುರಿನ ಅರ್ಥಧಾರಿ ಯಾವಾಗ ಬೇಕಾದರೂ "ಸಾಕ್ಷಿ ಏನು?" ಎಂದು ಕೇಳಬಹುದು. ಕೇಳಿದರೆ ಭಾಗವತರು ತಾಳ ನಿಲ್ಲಿಸುತ್ತಾರೆ, ಸಾಕ್ಷಿ ತೋರಿಸುವವರೆಗೆ ಮಾತು ಮುಂದೆ ಹೋಗುವಂತಿಲ್ಲ. ಸಾಕ್ಷಿ ಎಂದರೆ ಪುಸ್ತಕದ ಪುಟ, ಅಳತೆ ಮಾಡಿದ ಲೆಕ್ಕ, ಮಾಡಿ ನೋಡಿದ ಪ್ರಯೋಗ, ಇಲ್ಲವೆ ಸುರಂಗ ತೋಡಿದ ಕೈಯವರಿಂದ ಕೇಳಿ ಬರೆದುಕೊಂಡ ಮಾತು. ಎರಡು, ಎರಡನೆಯ ಸುತ್ತಿನಲ್ಲಿ ಪಾತ್ರ ಅದಲುಬದಲು. ಬೋರ್‌ವೆಲ್ ಆದವನು ಸುರಂಗ, ಸುರಂಗ ಆದವಳು ಬೋರ್‌ವೆಲ್.

ಸಾಕ್ಷಿ ಕೂಡಿಸಲು ಸಮಯ ಹಿಡಿಯಿತು. ಶನಿವಾರ ಭಾನುವಾರಗಳಲ್ಲಿ ಮಕ್ಕಳು ಬಕೆಟು ಹಿಡಿದು ತಮ್ಮ ಮನೆ, ನೆಂಟರ ಮನೆ ಸುರಂಗಗಳ ಬಾಯಿಗೆ ಹೋದರು. ಹತ್ತು ಲೀಟರಿನ ಬಕೆಟು ನಲವತ್ತು ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15 ಲೀಟರ್, ಗಂಟೆಗೆ 900, ದಿನಕ್ಕೆ 21,600. "ತೊಟ್ಟಿಕ್ಕುವ" ಎಂದು ಹೀಯಾಳಿಸಿಕೊಂಡದ್ದು ಹಗಲೂ ರಾತ್ರಿ ಹರಿದರೆ ಎಷ್ಟಾಗುತ್ತದೆ ಎಂದು ಕಂಡದ್ದು ಆಗ. ಮಳೆಯ ಪಾತ್ರದವಳು ಇನ್ನೊಂದು ಲೆಕ್ಕ ತಂದಳು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ಸೆಂಟ್ಸ್ ಜಾಗ ಎಂದರೆ 40 ಚದರ ಮೀಟರಿಗೆ ತುಸು ಹೆಚ್ಚು. ಅದರ ಮೇಲೆ ಬೀಳುವ ನೀರು ಒಂದು ಲಕ್ಷ ನಲವತ್ತು ಸಾವಿರ ಲೀಟರು. ಎಕರೆಗೆ ಒಂದು ಕೋಟಿ ನಲವತ್ತು ಲಕ್ಷದ ಹತ್ತಿರ. ಹಾಗಿದ್ದರೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಯಾಕೆ ಬರುತ್ತದೆ ಎಂದು ಗುಡ್ಡದ ಪಾತ್ರದವನು ಕೇಳಿದ್ದು ಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ, ಗುಡ್ಡ ಕಡಿದಾದ್ದರಿಂದ ನಿಲ್ಲದೆ ಸಮುದ್ರ ಸೇರುತ್ತದೆ ಎಂಬ ಉತ್ತರಕ್ಕೆ ಅವರು ತಾವೇ ಬಂದರು. ಅಲ್ಲಿಂದ ಗುಡ್ಡದ ನೀರು ಹಿಡಿದಿಡುವ ಮದಕ, ತೋಡಿಗೆ ಹಾಕುವ ಕಟ್ಟ, ಏತಡ್ಕದವರು ವರ್ಷವರ್ಷ ಕಟ್ಟುವ ಕಟ್ಟಗಳು ಎಲ್ಲ ಮಾತಿಗೆ ಬಂದವು.

ಪ್ರಯೋಗ ಸಾದಾ. ಕತ್ತರಿಸಿದ ದೊಡ್ಡ ಪ್ಲಾಸ್ಟಿಕ್ ಬಾಟಲಿಯಲ್ಲಿ ಅಡಿಗೆ ಜಲ್ಲಿ, ಅದರ ಮೇಲೆ ಒತ್ತಿ ಕೂರಿಸಿದ ಶೇಡಿಮಣ್ಣು, ಅದರ ಮೇಲೆ ಪುಡಿ ಮಾಡಿದ ಮುರಕಲ್ಲು. ಶೇಡಿಗಿಂತ ತುಸು ಮೇಲೆ ಬದಿಯಲ್ಲಿ ತೂತು ಮಾಡಿ ಒಂದು ಕೊಳವೆ. ಮೇಲಿನಿಂದ ನೀರು ಹೊಯ್ದರೆ ಸ್ವಲ್ಪ ಹೊತ್ತಿನ ಮೇಲೆ ಬದಿಯ ಕೊಳವೆಯಲ್ಲಿ ನೀರು. ಹೊಯ್ಯುವುದು ನಿಲ್ಲಿಸಿದ ಮೇಲೂ ಅದು ತೊಟ್ಟಿಕ್ಕುತ್ತಲೇ ಇತ್ತು. ಶೇಡಿ ಹಾಕದ ಇನ್ನೊಂದು ಬಾಟಲಿಯಲ್ಲಿ ನೀರು ನೇರ ತಳಕ್ಕೆ.

ಎರಡನೆಯ ಸುತ್ತು ನಡೆದ ದಿನ ಚಪ್ಪಾಳೆ ಕಡಿಮೆ ಇತ್ತು, ಜಗಳ ಹೆಚ್ಚಿತ್ತು. ಸುರಂಗವಾದ ಹುಡುಗ ತನ್ನ ಹಳೆಯ ವೈಭವದಲ್ಲೇ ಶುರು ಮಾಡಿ, "ಎಲೈ ಕಳ್ಳನೇ, ನನ್ನ ನೀರನ್ನು ಕದ್ದವನು ನೀನು" ಎಂದ. ಹುಡುಗಿ ತಕ್ಷಣ ಕೈ ಎತ್ತಿ ಸಾಕ್ಷಿ ಕೇಳಿದಳು. ಡೆಸ್ಕಿನ ಮದ್ದಳೆ ನಿಂತಿತು. ಅವಳೇ ಮುಂದುವರಿಸಿದಳು: "ನಿನ್ನ ನೀರು ಶೇಡಿಯ ಮೇಲೆ ನಿಂತದ್ದು. ನಾನು ಶೇಡಿಯನ್ನೂ ತೂರಿ ಕರಿಕಲ್ಲಿನ ಬಿರುಕಿನವರೆಗೆ ಹೋದವನು. ಮೇಲಿನ ಮಣ್ಣು ಇರುವಲ್ಲಿ ನನಗೆ ಪೈಪು ಇಳಿಸಿದ್ದಾರೆ, ಅಲ್ಲಿಂದ ನೀರು ನನ್ನೊಳಗೆ ಬರುವುದಿಲ್ಲ. ನಿನ್ನ ನೀರೂ ನನ್ನ ನೀರೂ ಒಂದೇ ಎಂಬುದಕ್ಕೆ ಏನು ಸಾಕ್ಷಿ?"

ಇದು ಭೂಜಲ ತಜ್ಞರೂ ಸುಲಭಕ್ಕೆ ಬಿಡಿಸದ ಪ್ರಶ್ನೆ. ಹುಡುಗನಿಗೆ ಗಂಗೆಯೂ ನೆರವಾಗಲಿಲ್ಲ, ಭಗೀರಥನೂ ನೆರವಾಗಲಿಲ್ಲ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಎದ್ದು ಕಿಟಕಿಯ ಬಳಿ ಇಟ್ಟಿದ್ದ ಬಾಟಲಿ ತಂದು ಎಲ್ಲರಿಗೂ ತೋರಿಸಿ, ಅರ್ಥದ ಭಾಷೆ ಬಿಟ್ಟು, ಆಡುಮಾತಿನಲ್ಲಿ ಹೇಳಿದ: "ನಿನ್ನೆ ಹೊಯ್ದದ್ದು. ಅಡಿಯ ಜಲ್ಲಿ ಆಗ ಒಣಗಿತ್ತು. ಈಗ ನೋಡಿ, ಒದ್ದೆ ಉಂಟು. ಶೇಡಿ ಪೂರ್ತಿ ತಡೆಯುವುದಿಲ್ಲ. ಮೆಲ್ಲ ಬಿಡ್ತದೆ. ಹಾಗಾದರೆ ನೀನು ಅಡಿಯಿಂದ ತುಂಬ ಎಳೆದರೆ ನನ್ನದೂ ಸ್ವಲ್ಪ ಸ್ವಲ್ಪ ಹೋಗ್ತದೆ." "ಎಷ್ಟು ಹೋಗ್ತದೆ?" ಎಂದಳು ಅವಳು. "ಅದು ಗೊತ್ತಿಲ್ಲ." ಗುಡ್ಡದ ಪಾತ್ರದವನು ನಡುವೆ ಬಾಯಿ ಹಾಕಿ, ಜೆಸಿಬಿ ತಂದು ನನ್ನನ್ನೇ ಕಡಿದು ಕೆಂಪುಕಲ್ಲು ಮಾರಿದರೆ ಇಬ್ಬರಿಗೂ ಇಲ್ಲ ಎಂದ. ಅವನಿಗೂ ಸಾಕ್ಷಿ ಕೇಳಿದರು. ಅವನು ತನ್ನ ಮನೆಯ ಹತ್ತಿರದ ಕಲ್ಲುಕೋರೆಯ ಹೆಸರು ಹೇಳಿದ. ಅದು ಸಾಕ್ಷಿಯಾಗುತ್ತದೋ ಇಲ್ಲವೋ ಎಂಬುದರ ಮೇಲೆ ಬೆಲ್ ಹೊಡೆಯಿತು.

ಪಾತ್ರ ಬದಲಿಸಿದ್ದೇ ಇಡೀ ಪ್ರಕರಣದ ತಿರುವು ಎಂದು ನನ್ನ ಲೆಕ್ಕ. ಆ ಹುಡುಗ ಸುರಂಗದ ಪರವಾಗಿ ಮಾತಾಡಬೇಕಾದರೆ ಅದು ಹೇಗೆ ಕೆಲಸ ಮಾಡುತ್ತದೆಂದು ಹುಡುಗಿಯ ಹತ್ತಿರ ಹೋಗಿ ಕೇಳಲೇಬೇಕಾಯಿತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ನೆಲದ ಮೇಲೆ ಗೆರೆ ಎಳೆದು ಅವನಿಗೆ ವಿವರಿಸುವುದನ್ನು ನೋಡಿದೆ. ಅವಳಿಗೆ ವಾದ ಹೂಡುವ ಬಗೆ ಅವನಿಂದ ಸಿಕ್ಕಿತು.

ಬರೆದದ್ದರಲ್ಲಿ ಏನು ಕಂಡಿತು

ಓಣಂ ಪರೀಕ್ಷೆಯ ಪ್ರಶ್ನೆಪತ್ರಿಕೆ ಎಂದಿನಂತೆಯೇ ಇತ್ತು, ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಮೊದಲೂ ಒಳ್ಳೆಯ ಅಂಕವೇ ಇತ್ತಲ್ಲ. ಟೀಚರ್ ಬೇರೆಯಾಗಿ ಒಂದು ಹಾಳೆ ಕೊಟ್ಟು, ಎಂದೂ ಚರ್ಚಿಸದ ಒಂದು ಸಂಗತಿ ಕೇಳಿದರು. ಸಮುದ್ರದ ಬದಿಯ ಮರಳುನೆಲದಲ್ಲಿ ಸುರಂಗ ತೋಡಿದರೆ ನೀರು ಸಿಗುತ್ತದೆಯೇ? ಮೊದಲಿನ ಉತ್ತರಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ವಾಕ್ಯಗಳು ಸಾಲಾಗಿ ನಿಲ್ಲುತ್ತಿದ್ದವು. ಈ ಬಾರಿ 'ಯಾಕೆಂದರೆ', 'ಆದರೆ', 'ಹಾಗಾದರೆ' ಬಂದಿದ್ದವು. ಗುಡ್ಡವೇ ಇಲ್ಲದಲ್ಲಿ ನೀರು ಬದಿಗೆ ಹರಿಯಲು ಇಳಿಜಾರು ಎಲ್ಲಿ ಎಂದು ಕೆಲವರು, ಮರಳು ಕುಸಿಯುತ್ತದೆ, ಮುರಕಲ್ಲಿನಂತೆ ನಿಲ್ಲುವುದಿಲ್ಲ ಎಂದು ಕೆಲವರು. ಒಬ್ಬ ಮಾತ್ರ "ಎಲೈ ಮೂಢ ಮರಳೇ" ಎಂದು ಶುರು ಮಾಡಿದ್ದ. ಟೀಚರ್ ಅದಕ್ಕೆ ಅಂಕ ಕಳೆಯಲಿಲ್ಲ.

ಎಲ್ಲರಿಗೂ ಒಂದೇ ರೀತಿ ಹಿಡಿಸಿತು ಎಂದರೆ ಸುಳ್ಳಾಗುತ್ತದೆ. ಐದಾರು ಮಕ್ಕಳು ಎರಡೂ ಸುತ್ತಿನಲ್ಲಿ ಕೇಳುಗರಾಗಿಯೇ ಉಳಿದರು. ಮನೆಯಲ್ಲಿ ಮರಾಠಿ ಆಡುವ ಹುಡುಗಿಯೊಬ್ಬಳು ಅರ್ಥ ಹೇಳಲು ಒಪ್ಪಲೇ ಇಲ್ಲ. ಅಳತೆಯ ಪುಸ್ತಕ ಅವಳ ಕೈಗೆ ಹೋಯಿತು. ಸಾಕ್ಷಿ ಬೇಕಾದಾಗಲೆಲ್ಲ ಎಲ್ಲರೂ ಅವಳ ಕಡೆ ತಿರುಗಬೇಕಾದ್ದರಿಂದ ಅದೊಂದು ಗಟ್ಟಿ ಜಾಗವೇ ಆಯಿತು. ಆದರೂ ತಾಳಮದ್ದಳೆಯ ಕನ್ನಡ ಕೇಳಿ ಬೆಳೆದ ಮನೆಯ ಮಕ್ಕಳಿಗೆ ಇಲ್ಲಿ ಒಂದು ಹೆಜ್ಜೆ ಮುಂಚೆಯೇ ಶುರು ಎಂಬುದನ್ನು ಮರೆಯುವಂತಿಲ್ಲ. ಮೂರನೆಯ ಸಲದಿಂದ ಟೀಚರ್ ಮನೆಮಾತಿನಲ್ಲಿ ಅರ್ಥ ಹೇಳಲು ಬಿಟ್ಟರು. ಯಕ್ಷಗಾನದ ಬಪ್ಪಬ್ಯಾರಿಯ ಪಾತ್ರ ಬ್ಯಾರಿ ಮಾತಿನಲ್ಲಿ ರಂಗಸ್ಥಳವನ್ನೇ ಗೆದ್ದ ಊರು ಇದು, ಅದಕ್ಕೆ ಯಾರೂ ಆಕ್ಷೇಪ ಎತ್ತಲಿಲ್ಲ.

ಆಕ್ಷೇಪ ಬಂದದ್ದು ಸಮಯದ್ದು. ಒಂದು ಪಾಠ ಇಷ್ಟು ಪಿರಿಯಡ್ ತಿಂದರೆ ಉಳಿದದ್ದು ಯಾವಾಗ ಎಂದು ಸಹೋದ್ಯೋಗಿಗಳೂ ಕೇಳಿದರು, ರಕ್ಷಕರ ಸಭೆಯಲ್ಲೂ ಕೇಳಿದರು. ನ್ಯಾಯವಾದ ಪ್ರಶ್ನೆ. ಮುಂದಿನ ಎರಡು ಪಾಠಗಳನ್ನು ಟೀಚರ್ ಓಡಿಸಿಕೊಂಡೇ ಮುಗಿಸಿದರು. ಹೆಡ್‌ಮಾಸ್ಟ್ರ ಪ್ರಶ್ನೆ ಬೇರೆ: ಇದನ್ನು ಕಲೋತ್ಸವಕ್ಕೆ ತಯಾರು ಮಾಡಬಹುದೇ? 1957ರಿಂದ ನಡೆದು ಬಂದ ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಕಾಸರಗೋಡಿನ ಶಾಲೆಗಳಿಗೆ ಅದು ಮರ್ಯಾದೆಯ ಸಂಗತಿ. ಟೀಚರ್ ಬೇಡವೆಂದರು. ವೇದಿಕೆಗೆ ಹೋದರೆ ಮಾತು ಬಾಯಿಪಾಠವಾಗುತ್ತದೆ, "ಅದು ಗೊತ್ತಿಲ್ಲ" ಎಂದು ಸುರಂಗ ಒಪ್ಪಿಕೊಳ್ಳುವ ಜಾಗವೇ ಮೊದಲು ಕತ್ತರಿಗೆ ಬೀಳುತ್ತದೆ. ಕಲಾ ಸಮನ್ವಿತ ಕಲಿಕೆಯನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎತ್ತಿ ಹೇಳಿದೆ, ಗಡಿಯಾಚೆ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಅದಕ್ಕೂ ಎಷ್ಟೋ ಮೊದಲು ಮಕ್ಕಳ ಕಲಿಕೆಗೂ ಕುಣಿತ, ನಾಟಕಕ್ಕೂ ನಂಟು ಹಾಕಿದ್ದರು. ಆದರೆ ಶಾಲೆಯೊಳಗೆ ಕಲೆ ಎಂದ ಕೂಡಲೇ ಬಹುಮಾನದ ಟ್ರೋಫಿ ಕಣ್ಣಿಗೆ ಬರುವುದು ಇನ್ನೂ ತಪ್ಪಿಲ್ಲ.

ಟೀಚರ್ ಇದನ್ನು ಎಲ್ಲ ಪಾಠಕ್ಕೂ ಮಾಡುವುದಿಲ್ಲ. ಅಕ್ಷಾಂಶ ರೇಖಾಂಶಕ್ಕೆ ನಕಾಶೆ, ಗ್ಲೋಬು ಸಾಕು. ಅಲ್ಲಿ ವಾದಿಸಲು ಎರಡು ಕಡೆ ಇಲ್ಲ, ಬಲವಂತಕ್ಕೆ ಪಾತ್ರ ಕಟ್ಟಿದರೆ ಮತ್ತೆ ಕುಣಿತ ಭಜನೆಯ ಕಥೆಯೇ. ಎರಡು ಕಡೆಗೂ ನಿಜವಾದ ಸಾಕ್ಷಿ ಇರುವ ಪಾಠ ಸಿಕ್ಕಿದರೆ ಮಾತ್ರ ತಾಳ ಎತ್ತುತ್ತಾರೆ.

ಅಂಥದ್ದೊಂದನ್ನು ಮಕ್ಕಳೇ ಹುಡುಕಿ ತಂದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು ಹೇಳಿದ್ದು, ಅದು ಜಾರಿಯಾಗದೆ ಉಳಿದದ್ದು. ಟೀಚರ್ ಕೂಡಲೇ ಹೂಂ ಅನ್ನಲಿಲ್ಲ. ಸುರಂಗ ಬೋರ್‌ವೆಲ್ಲಿನ ಜಗಳದಲ್ಲಿ ಯಾರ ಮನೆಯ ಹಿರಿಯರ ಮನಸ್ಸೂ ನೋಯುವುದಿಲ್ಲ, ಇದು ಹಾಗಲ್ಲ. ಕೊನೆಗೆ ಕ್ರಿಸ್‌ಮಸ್ ಪರೀಕ್ಷೆ ಕಳೆಯಲಿ ಎಂದರು, ಎರಡೂ ಕಡೆಯ ಸಾಕ್ಷಿಗಳ ಪಟ್ಟಿ ಮೊದಲು ಬರಲಿ ಎಂದರು. ಪಾತ್ರ ಅದಲುಬದಲಿನ ಕಟ್ಟಳೆ ಸಡಿಲಿಸುವುದಿಲ್ಲ ಎಂದೂ ಹೇಳಿದರು: ಕರ್ನಾಟಕದ ಪರ ಮಾತಾಡಿದವರು ಎರಡನೆಯ ದಿನ ಕೇರಳದ ಪರ ಮಾತಾಡಲೇಬೇಕು. ಪಟ್ಟಿ ಬರೆಯುವ ಕೆಲಸ ಶುರುವಾಗಿದೆ. ಅಳತೆಯ ಪುಸ್ತಕ ಹಿಡಿದಿದ್ದ ಹುಡುಗಿಗೇ ಅದರ ಯಜಮಾನಿಕೆ.